ಎಡಗಾಲಿಗೆ ಬಿಡುವು

ಗೇರಿನ ಕಾರಿನಲ್ಲಿ ಎಡಗಾಲು ಮಾಡುವಷ್ಟು ನಾಜೂಕಿನ ಕೆಲಸವನ್ನು ದೇಹದ ಬೇರೆ ಯಾವ ಅಂಗವೂ ಮಾಡುವುದಿಲ್ಲ. ಕ್ಲಚ್ಚನ್ನು ಒತ್ತುವುದು ಬಲದ ಕೆಲಸ, ಬಿಡುವುದು ವಿದ್ಯೆ. ತಿರುಗುತ್ತಿರುವ ಎಂಜಿನ್ನಿಗೂ ನಿಂತಿರುವ ಚಕ್ರಕ್ಕೂ ನಡುವೆ ಎರಡು ತಟ್ಟೆಗಳು ಉಜ್ಜಿಕೊಂಡು ಒಂದಾಗುವ ಅರೆಕ್ಷಣವನ್ನು ಪಾದದ ಉಬ್ಬಿನಲ್ಲೇ ಗುರುತಿಸಬೇಕು. ಬೇಗ ಬಿಟ್ಟರೆ ಗಾಡಿ ಕುಪ್ಪಳಿಸಿ ನಿಂತುಹೋಗುತ್ತದೆ. ತಡವಾದರೆ ಸುಟ್ಟ ವಾಸನೆ ಬರುತ್ತದೆ. ಏರಿನಲ್ಲಿ ನಿಂತು ಹೊರಡುವಾಗ ಹಿಂದಿನ ಗಾಡಿಗೂ ನಮ್ಮ ಬಂಪರಿಗೂ ನಡುವಿನ ಗೇಣಗಲದ ಅಂತರವನ್ನು ಕಾಯುವುದು ಇದೇ ಕಾಲು. ಇಷ್ಟು ದುಡಿದರೂ ಅದನ್ನು ಯಾರೂ ಕೊಂಡಾಡುವುದಿಲ್ಲ. ನೋವು ಬಂದಾಗ ಮಾತ್ರ ನೆನಪಾಗುತ್ತದೆ.

ನಾನು ಕಾರು ಕಲಿತದ್ದು ಶಿವಮೊಗ್ಗದಲ್ಲಿ, ಚಿಕ್ಕಪ್ಪನ ಅಂಬಾಸಡರಿನಲ್ಲಿ. ಅದರ ಗೇರ್ ಕಡ್ಡಿ ಸ್ಟೀರಿಂಗ್ ಕಂಬದ ಪಕ್ಕದಲ್ಲಿತ್ತು. ಫಸ್ಟ್ ಗೇರಿಗೆ ಸಿಂಕ್ರೊಮೆಶ್ ಇರಲಿಲ್ಲವಾದ್ದರಿಂದ ಗಾಡಿ ಪೂರ್ತಿ ನಿಂತ ಮೇಲೇ ಅದನ್ನು ಹಾಕಬೇಕಿತ್ತು. ಆತುರಪಟ್ಟರೆ ಹಲ್ಲುಗಳು ಕರಕರ ಅರೆಯುತ್ತಿದ್ದವು. ಚಿಕ್ಕಪ್ಪ ಅದಕ್ಕೆ ಲಾರಿ ಡ್ರೈವರುಗಳ ವಿದ್ಯೆ ಹೇಳಿಕೊಟ್ಟರು: ಕ್ಲಚ್ ಒತ್ತಿ ನ್ಯೂಟ್ರಲ್ ಮಾಡು, ಬಿಡು, ಎಂಜಿನ್ನಿನ ವೇಗ ಒಂದಿಷ್ಟು ಏರಿಸು, ಮತ್ತೆ ಒತ್ತಿ ಕೆಳಗಿನ ಗೇರಿಗೆ ಹೋಗು. ಡಬಲ್ ಕ್ಲಚ್ ಎಂದರೆ ಅದೇ. ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸಿನ ಮುಂದಿನ ಸೀಟು ಹಿಡಿದು ಕೂತು, ಎಲ್ಲರೂ ಕಣಿವೆ ನೋಡುತ್ತಿದ್ದರೆ ನಾನು ಡ್ರೈವರರ ಎಡಗಾಲು ನೋಡುತ್ತಿದ್ದೆ. ಒಂದೊಂದು ತಿರುವಿಗೂ ಆ ಕಾಲು ಎರಡೆರಡು ಸಲ ಏರಿಳಿಯುತ್ತಿತ್ತು. ಯಂತ್ರವನ್ನು ಬಲ್ಲವನೆಂದರೆ ಹೀಗಿರಬೇಕು ಎಂಬ ಗೌರವ ಆಗಲೇ ಮನಸ್ಸಿನಲ್ಲಿ ನಿಂತಿತು.

ಈಗ ನಾನಿರುವುದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟಿನ ಹೊರವಲಯದಲ್ಲಿ. ವಾಹನಗಳ ಬಿಡಿಭಾಗಗಳ ವಿನ್ಯಾಸದಲ್ಲೇ ನನ್ನ ಉದ್ಯೋಗದ ಕಾಲವೆಲ್ಲ ಕಳೆಯಿತು. ಕೈಯಲ್ಲಿ ನಾಲ್ಕು ಕಾಸು ಉಳಿದಾಗ ಕೊಂಡದ್ದು 1967ರ ಶೆವರ್ಲೆ ಶೆವೆಲ್ ಮಾಲಿಬು. 327 ಘನ ಇಂಚಿನ, ಅಂದರೆ ಸುಮಾರು 5.4 ಲೀಟರಿನ ವಿ8 ಎಂಜಿನ್, 275 ಅಶ್ವಶಕ್ತಿ, ಅದರ ಬೆನ್ನಿಗೆ ನಾಲ್ಕು ಗೇರಿನ ಮನ್ಸಿ ಪೆಟ್ಟಿಗೆ. ಇಂಡಿಯಾನಾದ ಮನ್ಸಿ ಊರಿನಲ್ಲಿ ಜನರಲ್ ಮೋಟರ್ಸ್ 1963ರಿಂದ 1974ರವರೆಗೆ ತಯಾರಿಸಿದ ಈ ಗೇರ್ ಪೆಟ್ಟಿಗೆಯನ್ನು ಇಲ್ಲಿನ ಕಾರುಪ್ರೇಮಿಗಳು ಹೆಸರು ಹಿಡಿದು ಪ್ರೀತಿಸುತ್ತಾರೆ. ಅಲ್ಯೂಮಿನಿಯಮ್ಮಿನ ಮೈ, ನಾಲ್ಕು ಗೇರಿಗೂ ಸಿಂಕ್ರೊಮೆಶ್. ಎರಡರಿಂದ ಮೂರಕ್ಕೆ ಹೋಗುವಾಗ ಕಡ್ಡಿ ತಾನೇ ದಾರಿ ಹಿಡಿದು ಟಕ್ಕೆಂದು ಕೂರುವ ಸುಖ ಅದನ್ನು ಅನುಭವಿಸಿದವರಿಗೇ ಗೊತ್ತು. ನಾನು ಅದನ್ನು ಮನಸಾರೆ ಅನುಭವಿಸಿದ್ದೇನೆ.

ಆದರೆ ಈ ಗಾಡಿಯ ಕ್ಲಚ್ ಬಲು ಬಿಗಿ. ಈಗಿನ ಕಾರುಗಳಲ್ಲಿ ಪೆಡಲಿಗೂ ಕ್ಲಚ್ಚಿಗೂ ನಡುವೆ ಹೈಡ್ರಾಲಿಕ್ ಎಣ್ಣೆ ಕೆಲಸ ಮಾಡುತ್ತದೆ. ಇಲ್ಲಿರುವುದು ಬರೀ ಕಬ್ಬಿಣದ ಸರಳುಗಳು ಮತ್ತು ನಡುವೆ ಜೆಡ್ ಬಾರ್ ಎಂಬ ಅಡ್ಡಗೋಲು. ಒತ್ತಡದ ತಟ್ಟೆಯ ಸ್ಪ್ರಿಂಗುಗಳ ಬಲವೆಲ್ಲ ಕೊನೆಗೆ ಮಂಡಿಗೇ ಬರುತ್ತದೆ. ಖಾಲಿ ರಸ್ತೆಯಲ್ಲಿ ಇದು ಲೆಕ್ಕಕ್ಕೆ ಬರುವುದಿಲ್ಲ. ವುಡ್‌ವರ್ಡ್ ಅವೆನ್ಯೂಗೆ ಇಳಿದಾಗ ಬರುತ್ತದೆ. ಫರ್ನ್‌ಡೇಲಿನಿಂದ ಪಾಂಟಿಯಾಕಿನವರೆಗೆ ಈ ರಸ್ತೆಯ ಉದ್ದಕ್ಕೂ 1995ರಿಂದ ಆಗಸ್ಟ್ ತಿಂಗಳ ಮೂರನೆಯ ಶನಿವಾರ ಹಳೆಯ ಕಾರುಗಳ ಜಾತ್ರೆ ನಡೆಯುತ್ತದೆ. ಊರಿಗೆ ಊರೇ ಮಡಚುವ ಕುರ್ಚಿ ಹಾಕಿಕೊಂಡು ರಸ್ತೆ ಬದಿಯಲ್ಲಿ ಕೂತಿರುತ್ತದೆ. ಸಾವಿರಾರು ಗಾಡಿಗಳು ಒಂದರ ಹಿಂದೊಂದು ತೆವಳುತ್ತವೆ. ಎರಡು ಮಾರು ಮುಂದೆ, ನಿಲುಗಡೆ. ಮತ್ತೆ ಎರಡು ಮಾರು, ಮತ್ತೆ ನಿಲುಗಡೆ. ಪ್ರತಿ ಎರಡು ಮಾರಿಗೂ ಎಡಗಾಲು ಆ ಸ್ಪ್ರಿಂಗುಗಳನ್ನು ಎತ್ತಿ ಇಳಿಸಬೇಕು.

ವಯಸ್ಸಾದಂತೆ ಎಡಮಂಡಿಯ ಮೃದ್ವಸ್ಥಿ ಸವೆಯಿತು. ಮೂಳೆ ವೈದ್ಯರು ಎಕ್ಸ್‌ರೇ ತೋರಿಸಿ, ಮೆಟ್ಟಿಲು ಕಡಿಮೆ ಮಾಡಿ, ಕ್ಲಚ್ಚಿನ ಗಾಡಿ ಬಿಡಿ ಎಂದರು. ದಿನನಿತ್ಯದ ಕಾರು ಆಟೊಮ್ಯಾಟಿಕ್ಕೇ ಆದ್ದರಿಂದ ಅವರ ಮಾತು ಪಾಲಿಸುವುದು ಕಷ್ಟವಾಗಲಿಲ್ಲ. ಆದರೆ ಶೆವೆಲ್ ಗ್ಯಾರೇಜಿನಲ್ಲಿ ಉಳಿಯಿತು. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಹಳೆಯ ಕಾರಿನ ತಗಡನ್ನು ತಿಂದುಹಾಕುವುದರಿಂದ ಚಳಿಗಾಲಪೂರ್ತಿ ಅದನ್ನು ಹೊರಗೆ ತೆಗೆಯುವಂತಿಲ್ಲ. ಈಗ ಬೇಸಿಗೆಯೂ ಗ್ಯಾರೇಜಿನಲ್ಲೇ ಕಳೆಯತೊಡಗಿತು.

ನಿಂತ ಗಾಡಿ ಸುರಕ್ಷಿತವಾಗಿದೆ ಎಂದುಕೊಳ್ಳುವವರಿದ್ದಾರೆ. ಅದು ನಿಜವಲ್ಲ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿ ಚಕ್ರದ ಸಿಲಿಂಡರುಗಳಿಗೆ ತುಕ್ಕು ಹಿಡಿಸುತ್ತದೆ. ಎಥನಾಲ್ ಬೆರೆತ ಪೆಟ್ರೋಲು ಕಾರ್ಬುರೇಟರಿನ ಬಟ್ಟಲಿನಲ್ಲಿ ಆವಿಯಾಗಿ ಅಂಟು ಉಳಿಸುತ್ತದೆ. ಎಣ್ಣೆಯ ಸಂಪರ್ಕವಿಲ್ಲದ ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ. ಟೈರು ನೆಲ ಮುಟ್ಟಿದ ಕಡೆ ಚಪ್ಪಟೆಯಾಗುತ್ತದೆ. ಸೀಟಿನ ಹತ್ತಿಯಲ್ಲಿ ಇಲಿ ಮರಿ ಹಾಕುತ್ತದೆ. ಯಂತ್ರದ ಆರೋಗ್ಯ ಅದರ ಚಲನೆಯಲ್ಲಿದೆ. ಓಡದ ಕಾರು ದಿನದಿನಕ್ಕೂ ಕೆಡುತ್ತಿರುವ ಕಾರು.

ನನ್ನ ಮುಂದಿದ್ದ ದಾರಿ ಮೂರು: ಮಾರುವುದು, ಹಾಗೇ ನಿಲ್ಲಿಸಿಕೊಳ್ಳುವುದು, ಇಲ್ಲವೇ ಗೇರ್ ಪೆಟ್ಟಿಗೆ ತೆಗೆದು ಓವರ್‌ಡ್ರೈವ್ ಇರುವ ಆಟೊಮ್ಯಾಟಿಕ್ ಕೂರಿಸುವುದು. ಮೂರನೆಯದನ್ನು ಹೇಳಿದ ಕೂಡಲೇ ಹಳೆಕಾರಿನ ಗೆಳೆಯರ ಮುಖ ಕಳೆಗುಂದಿತು. ಆಟೊಮ್ಯಾಟಿಕ್ ತೆಗೆದು ಮನ್ಸಿ ಹಾಕಿಸುವವರು ಬೇಕಾದಷ್ಟು ಜನ ಇದ್ದಾರೆ. ಮನ್ಸಿ ತೆಗೆಯುವವರು ವಿರಳ. ಕಾರ್ಖಾನೆಯಿಂದ ಹೇಗೆ ಹೊರಬಂತೋ ಹಾಗೇ ಇರಬೇಕು, ಅದೇ ಅದರ ಸತ್ಯ ಎಂದು ಒಬ್ಬರೆಂದರು. ಅವರ ಮಾತಿನ ಹಿಂದೆ ಗಾಡಿಯ ಮೇಲಿನ ಪ್ರೀತಿಯೇ ಇತ್ತು. ಆದ್ದರಿಂದ ಉತ್ತರ ಕೊಡುವ ಮೊದಲು ನಾನು ಓದಲು ಕೂತೆ.

ಓದಿದಾಗ ಸಿಕ್ಕ ಮನುಷ್ಯ ಅರ್ಲ್ ಥಾಂಪ್ಸನ್. ಹಲ್ಲು ಅರೆಯದೆ ಗೇರ್ ಬದಲಿಸುವಂತೆ ಮಾಡಿದ ಸಿಂಕ್ರೊಮೆಶ್ ಆತನ ಕೊಡುಗೆ. ಅದು ಮೊದಲು ಬಂದದ್ದು 1928ರಲ್ಲಿ, ಕ್ಯಾಡಿಲಾಕ್ ಕಾರಿನಲ್ಲಿ. ಶಿವಮೊಗ್ಗದ ಅಂಬಾಸಡರಿನ ಮೇಲಿನ ಮೂರು ಗೇರುಗಳು ಸಲೀಸಾಗಿ ಬೀಳುತ್ತಿದ್ದುದಕ್ಕೆ ಮೂಲದಲ್ಲಿ ಈತ ಕಾರಣ. ಇದೇ ಥಾಂಪ್ಸನ್ ಅಲ್ಲಿಗೇ ನಿಲ್ಲಲಿಲ್ಲ. ಜನರಲ್ ಮೋಟರ್ಸಿನಲ್ಲಿ ಆತ ಮುನ್ನಡೆಸಿದ ತಂಡವೇ ಹೈಡ್ರಾಮ್ಯಾಟಿಕ್ ರೂಪಿಸಿತು. 1940ರ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಬಂದ ಆ ಪೆಟ್ಟಿಗೆ ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಪೂರ್ಣ ಆಟೊಮ್ಯಾಟಿಕ್. ಕ್ಲಚ್ ಪೆಡಲೇ ಇಲ್ಲ, ಮುಂದಕ್ಕೆ ನಾಲ್ಕು ಗೇರು. ಎರಡನೆಯ ಮಹಾಯುದ್ಧದಲ್ಲಿ ಅದು ಎಂ5 ಸ್ಟುವರ್ಟ್ ಟ್ಯಾಂಕುಗಳಲ್ಲೂ ದುಡಿಯಿತು. ಡಬಲ್ ಕ್ಲಚ್ಚಿನ ಶ್ರಮವನ್ನು ಇಳಿಸಿದವನೂ ಕ್ಲಚ್ಚಿನ ಶ್ರಮವನ್ನೇ ಇಲ್ಲವಾಗಿಸಿದವನೂ ಒಬ್ಬನೇ. ಆತನ ಮಟ್ಟಿಗೆ ಅವು ಎರಡು ಪಂಥಗಳಾಗಿರಲಿಲ್ಲ, ಒಂದೇ ಕೆಲಸದ ಎರಡು ಹಂತಗಳಾಗಿದ್ದವು. ಗೇರಿನವರು, ಆಟೊಮ್ಯಾಟಿಕ್ಕಿನವರು ಎಂದು ನಾವು ಆಮೇಲೆ ಕಟ್ಟಿಕೊಂಡ ಗೋಡೆ ಆ ಎರಡನ್ನೂ ನಿರ್ಮಿಸಿದವನ ತಲೆಯಲ್ಲಿ ಇರಲಿಲ್ಲ.

ಓವರ್‌ಡ್ರೈವಿನ ಕತೆಯೂ ಹಾಗೇ ಹಳೆಯದು. ನನ್ನ ಶೆವೆಲಿನ ಟಾಪ್ ಗೇರಿನಲ್ಲಿ ಎಂಜಿನ್ ಒಂದು ಸುತ್ತು ತಿರುಗಿದರೆ ಪ್ರೊಪೆಲ್ಲರ್ ಶಾಫ್ಟೂ ಒಂದೇ ಸುತ್ತು. ಹಿಂದಿನ ಆಕ್ಸಲಿನ ಗೇರು 3.55, ಅಂದರೆ ಚಕ್ರ ಒಂದು ಸುತ್ತು ಬರಲು ಎಂಜಿನ್ ಮೂರೂವರೆ ಸುತ್ತಿಗಿಂತ ಹೆಚ್ಚು ಓಡಬೇಕು. ಸಿಗ್ನಲಿನಿಂದ ಚಿಮ್ಮಲು ಇದು ಹಿತ, ಹೆದ್ದಾರಿಯಲ್ಲಿ ಶಿಕ್ಷೆ. ಓವರ್‌ಡ್ರೈವೆಂದರೆ ಎಂಜಿನ್ನಿಗಿಂತ ಶಾಫ್ಟು ವೇಗವಾಗಿ ತಿರುಗುವಂತೆ ಮಾಡುವ ಮೇಲಿನ ಗೇರು. 1934ರ ಕ್ರೈಸ್ಲರ್ ಏರ್‌ಫ್ಲೋದಲ್ಲೇ ಅದು ಇತ್ತು. ಇಂಗ್ಲೆಂಡಿನ ಟ್ರಯಂಫ್, ಎಂಜಿಬಿ ಗಾಡಿಗಳಿಗೆ, ಸ್ವೀಡನ್ನಿನ ವೋಲ್ವೊಗಳಿಗೆ ಲೇಕಾಕ್ ಕಂಪನಿಯ ಓವರ್‌ಡ್ರೈವ್ ಗೇರ್ ಪೆಟ್ಟಿಗೆಯ ಬಾಲಕ್ಕೆ ಸೇರಿಕೊಂಡು ಬರುತ್ತಿತ್ತು. ಅಮೆರಿಕದಲ್ಲಿ ಪೆಟ್ರೋಲು ಅಗ್ಗವಾಗಿದ್ದ ಅರವತ್ತರ ದಶಕದಲ್ಲಿ ಅದರ ಮಹತ್ವ ಮರೆಯಾಯಿತು.

ಅದನ್ನು ಮರಳಿ ತಂದದ್ದು ಬಿಕ್ಕಟ್ಟು. 1973ರಲ್ಲಿ ಅರಬ್ ದೇಶಗಳು ತೈಲ ತಡೆಹಿಡಿದವು. ಪೆಟ್ರೋಲ್ ಬಂಕುಗಳ ಮುಂದೆ ಸಾಲುಗಳು ಬೆಳೆದವು. 1974ರಲ್ಲಿ ದೇಶಕ್ಕೆಲ್ಲ ಗಂಟೆಗೆ 55 ಮೈಲಿಯ ವೇಗಮಿತಿ ಬಂತು. 1975ರ ಕಾಯಿದೆ ಕಾರು ಕಂಪನಿಗಳಿಗೆ ಸರಾಸರಿ ಮೈಲೇಜಿನ ಗುರಿ ಹಾಕಿತು: 1978ರ ಮಾದರಿಗಳಿಗೆ ಗ್ಯಾಲನ್ನಿಗೆ 18 ಮೈಲಿ, 1985ಕ್ಕೆ 27.5 ಮೈಲಿ. ಎಂಜಿನ್ ನಿಧಾನವಾಗಿ ತಿರುಗದೆ ಆ ಗುರಿ ಮುಟ್ಟುವಂತಿರಲಿಲ್ಲ. 1980ರಲ್ಲಿ ಫೋರ್ಡ್ ಎಒಡಿ ಎಂಬ ನಾಲ್ಕು ಗೇರಿನ ಆಟೊಮ್ಯಾಟಿಕ್ ತಂದಿತು; ಜನರಲ್ ಮೋಟರ್ಸ್ 1981ರಲ್ಲಿ 200-4ಆರ್, 1982ರಲ್ಲಿ 700ಆರ್4 ತಂದಿತು. ಇವಕ್ಕೆ ಕಂಪ್ಯೂಟರಿನ ಹಂಗು ಹೆಚ್ಚಿಲ್ಲ; ಗೇರ್ ಬದಲಾವಣೆಯೆಲ್ಲ ಎಣ್ಣೆಯ ಒತ್ತಡದಿಂದಲೇ ನಡೆಯುತ್ತದೆ. ಹಳೆಯ ಕಾರ್ಬುರೇಟರ್ ಗಾಡಿಗಳಿಗೆ ಇವು ಒಗ್ಗುವುದು ಅದೇ ಕಾರಣಕ್ಕೆ. ಮಿತವ್ಯಯದ ಕಾಲ ಕಷ್ಟಪಟ್ಟು ಮಾಡಿಕೊಟ್ಟ ಉಪಕಾರವನ್ನು ಧಾರಾಳದ ಕಾಲದ ಗಾಡಿ ಪಡೆಯುವುದು ನನಗೆ ಸರಿಯೆನಿಸಿತು.

ಇವುಗಳ ಹೊಟ್ಟೆಯೊಳಗಿನ ಚೆಲುವನ್ನು ಹೇಳದೆ ಮುಂದೆ ಹೋಗಲಾರೆ. ಗೇರಿನ ಪೆಟ್ಟಿಗೆಯಲ್ಲಿ ಹಲ್ಲಿನ ಗಾಲಿಗಳು ಅಕ್ಕಪಕ್ಕದ ಶಾಫ್ಟುಗಳ ಮೇಲಿರುತ್ತವೆ. ಆಟೊಮ್ಯಾಟಿಕ್ಕಿನಲ್ಲಿ ಎಲ್ಲವೂ ಒಂದೇ ಅಚ್ಚಿನ ಸುತ್ತ. ನಡುವೆ ಸೂರ್ಯ ಗೇರು, ಅದನ್ನು ಸುತ್ತುವ ಗ್ರಹ ಗೇರುಗಳು, ಆ ಗ್ರಹಗಳನ್ನು ಹಿಡಿದ ಚೌಕಟ್ಟು, ಎಲ್ಲವನ್ನೂ ಹೊರಗಿನಿಂದ ಬಳಸಿದ ಉಂಗುರ ಗೇರು. ಸೂರ್ಯನನ್ನು ಕಟ್ಟಿಹಾಕಿ ಚೌಕಟ್ಟನ್ನು ತಿರುಗಿಸಿದರೆ ಉಂಗುರ ಚೌಕಟ್ಟಿಗಿಂತ ವೇಗವಾಗಿ ತಿರುಗುತ್ತದೆ. ಅದೇ ಓವರ್‌ಡ್ರೈವ್. ಯಾವ ಗೇರೂ ಇನ್ನೊಂದನ್ನು ಹುಡುಕಿಕೊಂಡು ಹೋಗಿ ಕಚ್ಚಬೇಕಿಲ್ಲ. ಎಲ್ಲ ಹಲ್ಲುಗಳೂ ಸದಾ ಕೂಡಿಕೊಂಡೇ ಇರುತ್ತವೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದು ಎಣ್ಣೆಯಿಂದ ಬಿಗಿಯುವ ಪಟ್ಟಿಗಳು, ಪುಟ್ಟ ಕ್ಲಚ್ಚುಗಳು. ಈ ಏರ್ಪಾಡನ್ನು ಬಿಚ್ಚಿ ಮೇಜಿನ ಮೇಲೆ ಹರಡಿದಾಗ ನೋಡಿದವರು ಆಟೊಮ್ಯಾಟಿಕ್ಕನ್ನು ಸೋಮಾರಿಗಳ ಗಾಡಿ ಎನ್ನಲಾರರು.

ಯಾವ ಪೆಟ್ಟಿಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ನಿಯಮದಿಂದ. ಗಾಡಿಯಲ್ಲಿ ಏನನ್ನೂ ಕತ್ತರಿಸಬಾರದು, ಬೆಸುಗೆ ಹಾಕಬಾರದು. ಬೋಲ್ಟು ಬಿಚ್ಚಿದರೆ ಎಲ್ಲವೂ 1967ಕ್ಕೆ ಮರಳುವಂತಿರಬೇಕು. 700ಆರ್4 ಹೆಚ್ಚು ಜನಪ್ರಿಯ, ಬಿಡಿಭಾಗಗಳೂ ಧಾರಾಳ. ಅದರ ಫಸ್ಟ್ ಗೇರು 3.06, ಓವರ್‌ಡ್ರೈವ್ 0.70. ಆದರೆ ಅದು ಮನ್ಸಿಗಿಂತ ಉದ್ದ, ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಕುಗ್ಗಿಸಬೇಕಾಗುತ್ತದೆ. 200-4ಆರ್ ಗಿಡ್ಡ, ಶೆವೆಲಿನ ಮೂಲ ಶಾಫ್ಟೇ ಹೊಂದುತ್ತದೆ. ಅದರ ಗೇರುಗಳು 2.74, 1.57, 1.00, 0.67. ಎಂಬತ್ತರ ದಶಕದ ಬ್ಯುಯಿಕ್ ಗ್ರಾಂಡ್ ನ್ಯಾಷನಲ್‌ನಂಥ ಬಲಶಾಲಿ ಕಾರಿನ ಹಿಂದೆ ದುಡಿದ ಪೆಟ್ಟಿಗೆ ಅದು, ನನ್ನ 327ಕ್ಕೆ ಹೆದರಬೇಕಿರಲಿಲ್ಲ. ಅದನ್ನು ಹಿಡಿಯುವ ಅಡ್ಡಪಟ್ಟಿಯ ಜಾಗ ಮಾತ್ರ ಹಿಂದಕ್ಕೆ ಸರಿಯುತ್ತದೆ. ಅದಕ್ಕೆಂದೇ ಮಾಡಿದ, ಬೋಲ್ಟಿನಿಂದ ಕೂರುವ ಪಟ್ಟಿ ಸಿಗುತ್ತದೆ. ನಾನು 200-4ಆರ್ ಆರಿಸಿಕೊಂಡೆ.

ಕೆಲಸ ನಡೆದದ್ದು ನಮ್ಮೂರಿನ ಹೊರಗಿನ ಒಂದು ಚಿಕ್ಕ ವರ್ಕ್‌ಶಾಪಿನಲ್ಲಿ. ಅದರ ಯಜಮಾನರು ಗೇರ್ ಪೆಟ್ಟಿಗೆಗಳಲ್ಲೇ ಬದುಕು ಕಳೆದ ಹಿರಿಯರು. ನಾನು ಪಕ್ಕದಲ್ಲಿ ನಿಂತು ಕೈಗೆ ಸಾಮಾನು ಕೊಡುತ್ತ ಕಲಿತೆ. ಮೊದಲು ಮನ್ಸಿ ಇಳಿಯಿತು, ಆಮೇಲೆ ಕ್ಲಚ್ಚು, ಭಾರದ ಫ್ಲೈವೀಲು, ಜೆಡ್ ಬಾರು. ಕ್ರ್ಯಾಂಕ್ ಶಾಫ್ಟಿನ ಹಿಂತುದಿಯಲ್ಲಿ ಹಿತ್ತಾಳೆ ಬಣ್ಣದ ಪುಟ್ಟ ಬಳೆ ಉಳಿದಿತ್ತು. ಅದು ಪೈಲಟ್ ಬುಷ್. ಗೇರ್ ಪೆಟ್ಟಿಗೆಯ ಶಾಫ್ಟಿನ ಮೂತಿಯನ್ನು ಹಿಡಿಯುವ ಕಂಚಿನ ಉಂಗುರ. ಆಟೊಮ್ಯಾಟಿಕ್ಕಿಗೆ ಅದು ಬೇಡ. ಇದ್ದರೆ ಟಾರ್ಕ್ ಕನ್ವರ್ಟರಿನ ಮೂಗು ಸರಿಯಾಗಿ ಕೂರದೆ ಹೋಗಬಹುದು. ಹಿಡಿದು ಎಳೆಯೋಣವೆಂದರೆ ಅಂಚು ಸಿಗುವುದಿಲ್ಲ. ಹಿರಿಯರು ಅದರ ತೂತಿನ ತುಂಬ ಗ್ರೀಸು ತುಂಬಿದರು. ತೂತಿಗೆ ಬಿಗಿಯಾಗಿ ಹೊಂದುವ ಸರಳಿಟ್ಟು ಸುತ್ತಿಗೆಯಿಂದ ಬಡಿದರು. ಒಳಗೆ ಒತ್ತಡಕ್ಕೆ ಸಿಕ್ಕ ಗ್ರೀಸು, ಹೋಗಲು ಜಾಗವಿಲ್ಲದೆ, ಬುಷ್ಷನ್ನೇ ಹಿಂದಿನಿಂದ ದೂಡಿಕೊಂಡು ಬಂತು. ಪಾಸ್ಕಲನ ನಿಯಮವನ್ನು ನಾನು ಕಾಲೇಜಿನಲ್ಲಿ ಓದಿ ಅಂಕ ಪಡೆದಿದ್ದೆ. ಅದು ಕೈಯಲ್ಲಿ ಕೆಲಸ ಮಾಡುವುದನ್ನು ಕಂಡದ್ದು ಆಗ.

ಫ್ಲೈವೀಲಿನ ಜಾಗಕ್ಕೆ ತೆಳುವಾದ ಫ್ಲೆಕ್ಸ್‌ಪ್ಲೇಟ್ ಬಂತು. ಈ ಎಂಜಿನ್ ವಂಶಕ್ಕೆ 153 ಹಲ್ಲಿನದು, 168 ಹಲ್ಲಿನದು ಎಂದು ಎರಡು ಬಗೆಯವಿವೆ; ಸ್ಟಾರ್ಟರ್ ಮೋಟಾರಿಗೆ ಹೊಂದುವುದನ್ನೇ ಆರಿಸಬೇಕು. ಮುಂದಿನದು ಟಾರ್ಕ್ ಕನ್ವರ್ಟರ್. ಎಂಜಿನ್ನಿನ ಜೊತೆ ತಿರುಗುವ ಅಲಗುಗಳು ಎಣ್ಣೆಯನ್ನು ಎದುರಿನ ಅಲಗುಗಳ ಮೇಲೆ ಎರಚುತ್ತವೆ; ನಡುವಿನ ಸ್ಟೇಟರ್ ಮರಳುವ ಎಣ್ಣೆಯ ದಿಕ್ಕು ತಿದ್ದಿ ಬಲ ಹೆಚ್ಚಿಸುತ್ತದೆ. ಎಡಗಾಲಿನ ವಿದ್ಯೆಯನ್ನೆಲ್ಲ ಇಲ್ಲಿ ಎಣ್ಣೆ ವಹಿಸಿಕೊಳ್ಳುತ್ತದೆ. ಈ ಕನ್ವರ್ಟರನ್ನು ಪೆಟ್ಟಿಗೆಯ ಮೂತಿಗೆ ತೂರಿಸುವಾಗ ತಿರುಗಿಸುತ್ತ ತಳ್ಳಬೇಕು. ಅದು ಒಂದೊಂದೇ ಮೆಟ್ಟಿಲಿಳಿದು ಮೂರು ಸಲ ಟಕ್ಕೆಂದು ಕೂರುತ್ತದೆ. ಮೂರನೆಯದು ಎಣ್ಣೆಯ ಪಂಪಿನದು. ಅದು ಕೂರುವ ಮೊದಲೇ ಬೋಲ್ಟು ಬಿಗಿದರೆ ಪಂಪು ಒಡೆಯುತ್ತದೆ. ಹಿರಿಯರು ಮೂರನೆಯ ಸದ್ದು ಕೇಳಿದ ಮೇಲೂ ಅಳತೆಪಟ್ಟಿ ಹಿಡಿದು ನೋಡಿ, ಫ್ಲೆಕ್ಸ್‌ಪ್ಲೇಟಿಗೂ ಕನ್ವರ್ಟರಿಗೂ ನಡುವೆ ಇಂಚಿನ ಎಂಟನೆಯ ಒಂದು ಭಾಗದಷ್ಟು ಸಂದು ಇದೆ ಎಂದು ಖಚಿತವಾದ ಮೇಲೇ ಬೋಲ್ಟು ಮುಟ್ಟಿದರು.

ಈ ಬದಲಾವಣೆಯಲ್ಲಿ ಅತ್ಯಂತ ಎಚ್ಚರ ಬೇಕಾದದ್ದು ಒಂದು ತೆಳುವಾದ ಕೇಬಲಿಗೆ. ಅದರ ಹೆಸರು ಥ್ರಾಟಲ್ ವಾಲ್ವ್ ಕೇಬಲ್, ಆಡುಮಾತಿನಲ್ಲಿ ಟಿವಿ ಕೇಬಲ್. ಕಾರ್ಬುರೇಟರಿನಿಂದ ಗೇರ್ ಪೆಟ್ಟಿಗೆಗೆ ಹೋಗುವ ಅದು ಎಂಜಿನ್ ಎಷ್ಟು ದುಡಿಯುತ್ತಿದೆ ಎಂಬ ಸುದ್ದಿಯನ್ನು ಒಳಗೆ ಮುಟ್ಟಿಸುತ್ತದೆ. ಆ ಸುದ್ದಿಯ ಪ್ರಕಾರ ಎಣ್ಣೆಯ ಒತ್ತಡ ಏರಿ ಕ್ಲಚ್ಚುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಕೇಬಲ್ ಸಡಿಲವಿದ್ದರೆ ಒತ್ತಡ ಸಾಲದೆ ಕ್ಲಚ್ಚುಗಳು ಜಾರುತ್ತವೆ. ಹೊಸದಾಗಿ ಕಟ್ಟಿದ ಪೆಟ್ಟಿಗೆ ಕೆಲವೇ ಮೈಲಿಗಳಲ್ಲಿ ಸುಟ್ಟುಹೋಗುತ್ತದೆ. ಎಷ್ಟೋ ಜನ ಈ ಪೆಟ್ಟಿಗೆಗಳೇ ಕೆಟ್ಟವೆಂದು ಬಯ್ಯುವುದು ಇದನ್ನು ಸರಿಪಡಿಸಿಕೊಳ್ಳದೆ. ಆ ಕಾಲದ ಕ್ವಾಡ್ರಾಜೆಟ್ ಕಾರ್ಬುರೇಟರಿನ ಸನ್ನೆಗೋಲು ಇದಕ್ಕೆ ತಕ್ಕ ಕೋನದಲ್ಲಿರುತ್ತದೆ. ಬೇರೆ ಕಾರ್ಬುರೇಟರಿಗೆ ಕೋನ ತಿದ್ದುವ ತುಂಡು ಹಾಕಲೇಬೇಕು. ಒತ್ತಡದ ಗೇಜು ಸಿಕ್ಕಿಸಿ ಅಳೆದು ನೋಡುವವರೆಗೆ ಗಾಡಿಯನ್ನು ರಸ್ತೆಗಿಳಿಸಬಾರದು. ನಮ್ಮ ಹಿರಿಯರು ಇಳಿಸಲಿಲ್ಲ.

ಉಳಿದವು ಸಣ್ಣವು, ಆದರೆ ಒಂದನ್ನೂ ಬಿಡುವಂತಿಲ್ಲ. ಗೇರಿನ ಗಾಡಿಯ ರೇಡಿಯೇಟರಿನಲ್ಲಿ ಆಟೊಮ್ಯಾಟಿಕ್ಕಿನ ಎಣ್ಣೆ ತಣಿಸುವ ಕೋಣೆ ಇರುವುದಿಲ್ಲ; ಮುಂದೆ ಬೇರೆ ಕೂಲರ್ ಬಂತು. ಕ್ಲಚ್ ಪೆಡಲು ಹೋಗಿ ಬ್ರೇಕಿಗೆ ಅಗಲದ ಪೆಡಲು ಬಂತು. ಗೇರಿನಲ್ಲಿದ್ದಾಗ ಎಂಜಿನ್ ಶುರುವಾಗದಂತೆ ತಡೆಯುವ ಸ್ವಿಚ್ಚು ಸೇರಿತು. ಹೆದ್ದಾರಿಯ ವೇಗದಲ್ಲಿ ಕನ್ವರ್ಟರಿನ ಜಾರಾಟ ನಿಲ್ಲಿಸಿ ಬಿಗಿಯುವ ಲಾಕಪ್ಪಿಗೆ ಒಂದು ತಂತಿ ಎಳೆದರು. ಸ್ಪೀಡೋಮೀಟರ್ ಸುಳ್ಳು ಹೇಳದಂತೆ ಅದರ ಪುಟ್ಟ ಪ್ಲಾಸ್ಟಿಕ್ ಗೇರು ಬದಲಾಯಿತು. ಹೊಸ ಕಡ್ಡಿ ನೆಲದ ಹಳೆಯ ತೂತಿನ ಮೇಲೇ, ಹಳೆಯ ಬೋಲ್ಟುಗಳಿಗೇ ಕೂತಿತು.

ಮೊದಲ ಸಲ ಹೊರಡುವಾಗ ಎಡಗಾಲು ಅಭ್ಯಾಸಬಲದಿಂದ ಮೇಲೆದ್ದು, ಪೆಡಲು ಸಿಗದೆ ನೆಲಕ್ಕೆ ಮರಳಿತು. ಬಲಗಾಲು ತುಸು ಒತ್ತಿದ ಕೂಡಲೇ ಗಾಡಿ ಹರಿಯಿತು. ಹೊರಡುವ ಬಲ ಮೊದಲಿಗಿಂತ ಹೆಚ್ಚು: ಮನ್ಸಿಯ 2.52ರ ಫಸ್ಟ್ ಗೇರನ್ನು ಆಕ್ಸಲಿನ 3.55ರಿಂದ ಗುಣಿಸಿದರೆ ಸುಮಾರು 8.9, ಹೊಸದರಲ್ಲಿ ಸುಮಾರು 9.7, ಅದರ ಮೇಲೆ ಕನ್ವರ್ಟರಿನ ನೆರವು. ನಿಜವಾದ ಬದಲಾವಣೆ ತಿಳಿದದ್ದು ಹೆದ್ದಾರಿಯಲ್ಲಿ. ಮಿಶಿಗನ್ನಿನ ಹೆದ್ದಾರಿಗಳ ಸಾಮಾನ್ಯ ಮಿತಿ ಗಂಟೆಗೆ 70 ಮೈಲಿ. ಇಪ್ಪತ್ತಾರು ಇಂಚಿನ ಟೈರುಗಳ ಮೇಲೆ ಆ ವೇಗಕ್ಕೆ ಹಿಂದೆ ಎಂಜಿನ್ ನಿಮಿಷಕ್ಕೆ ಸುಮಾರು 3,200 ಸುತ್ತು ತಿರುಗುತ್ತಿತ್ತು. ಓವರ್‌ಡ್ರೈವಿನಲ್ಲಿ ಸುಮಾರು 2,150. ಗಂಟೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಸುತ್ತುಗಳ ದುಡಿಮೆ ಆ ಹಳೆಯ ಎಂಜಿನ್ನಿಗೆ ಉಳಿಯಿತು. ಕೂಗಿ ಮಾತಾಡಬೇಕಿದ್ದ ಕಾರಿನಲ್ಲಿ ನಾನು, ನನ್ನ ಹೆಂಡತಿ ಸಹಜ ದನಿಯಲ್ಲಿ ಮಾತಾಡಿದೆವು.

ನಷ್ಟವೇ ಇಲ್ಲವೆಂದರೆ ಸತ್ಯಕ್ಕೆ ದೂರವಾದೀತು. ಎರಡರಿಂದ ಮೂರಕ್ಕೆ ಕಡ್ಡಿ ಕೂರುವ ಆ ಸುಖ ಹೋಯಿತು. ತಿರುವಿಗೆ ಮುಂಚೆ ಗೇರ್ ಇಳಿಸಿ ಎಂಜಿನ್ನಿನಿಂದಲೇ ವೇಗ ತಗ್ಗಿಸುವಾಗ ಗಾಡಿಯೂ ನಾನೂ ಒಂದೇ ನಿರ್ಧಾರಕ್ಕೆ ಬಂದೆವೆನ್ನುವ ಆಪ್ತತೆ ಹೋಯಿತು. ಆಗುಂಬೆಯ ಬಸ್ಸಿನಲ್ಲಿ ಕೂತು ಗೌರವದಿಂದ ನೋಡಿದ ವಿದ್ಯೆಯನ್ನು ನನ್ನ ಕಾಲು ಇನ್ನು ಬಳಸುವುದಿಲ್ಲ ಎಂಬುದು ಸಣ್ಣ ದುಃಖವಲ್ಲ. ಅದನ್ನು ದುಃಖವೆಂದೇ ಒಪ್ಪಿಕೊಳ್ಳುತ್ತೇನೆ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇರುವುದು ಇಡೀ ಕಾರು. ಕ್ಲಚ್ಚಿನ ಬಿಗಿಗೆ ಹೆದರಿ ಎಂದೂ ಸ್ಟೀರಿಂಗ್ ಮುಟ್ಟದಿದ್ದ ನನ್ನ ಹೆಂಡತಿ ಈಗ ಅದನ್ನು ಓಡಿಸುತ್ತಾಳೆ. ಇಲ್ಲಿನ ಕನ್ನಡ ಕೂಟದ ಗೆಳೆಯರ ಮಕ್ಕಳು ಪಿಕ್ನಿಕ್ಕಿನ ದಿನ ಹಿಂದಿನ ಸೀಟಿನಲ್ಲಿ ತುಂಬಿಕೊಳ್ಳುತ್ತಾರೆ. ವುಡ್‌ವರ್ಡ್‌ನ ತೆವಳಾಟದಲ್ಲಿ ನನ್ನ ಗಮನ ಮಂಡಿಯ ಮೇಲಲ್ಲ, ರಸ್ತೆ ಬದಿಯ ಜನರ ಮೇಲಿರುತ್ತದೆ.

ಬೆಂಗಳೂರಿನಲ್ಲಿರುವ ತಮ್ಮನಿಗೆ ಇದನ್ನು ವಿವರಿಸಿದಾಗ ಅವನಿಗೆ ಆಶ್ಚರ್ಯವಾಗಲಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಕಳೆಯುವವರಿಗೆ ಎಡಗಾಲಿನ ಮಾತು ಬೇಗ ಅರ್ಥವಾಗುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ತಂದ ಮೇಲೆ ಅಲ್ಲಿ ಸಾಮಾನ್ಯ ಸಂಬಳದವರಿಗೂ ಕ್ಲಚ್ಚಿಲ್ಲದ ಕಾರು ಕೈಗೆಟುಕಿತು. ಅದರ ಒಳಗಿರುವುದು ಗ್ರಹ ಗೇರುಗಳಲ್ಲ. ಮಾಮೂಲಿ ಗೇರ್ ಪೆಟ್ಟಿಗೆಯೇ, ಕ್ಲಚ್ ಒತ್ತುವ, ಕಡ್ಡಿ ಸರಿಸುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ದಾರಿ ಬೇರೆ, ಉಪಕಾರ ಒಂದೇ.

ಇನ್ನು ಗಾಡಿಯ ಸತ್ಯದ ಪ್ರಶ್ನೆ. ನಮ್ಮ ಅಜ್ಜಿಗೆ ಏಣಿ ಹತ್ತಲಾಗದೆ ಹೋದಾಗ ಊರಿನ ತೊಟ್ಟಿಮನೆಯ ಅಟ್ಟಕ್ಕೆ ಅಗಲದ ಮೆಟ್ಟಿಲು, ಪಕ್ಕದಲ್ಲಿ ಹಿಡಿಕೆ ಮಾಡಿಸಿದ್ದರು. ಮನೆ ಸುಳ್ಳಾಯಿತೆಂದು ಯಾರೂ ಹೇಳಲಿಲ್ಲ. ಅಜ್ಜಿ ಕಡೆಯವರೆಗೂ ಅಟ್ಟದ ಉಪ್ಪಿನಕಾಯಿ ಭರಣಿಗಳನ್ನು ತಾನೇ ನೋಡಿಕೊಂಡಳು. ಅದು ವಾಸದ ಮನೆ, ವಸ್ತುಪ್ರದರ್ಶನವಲ್ಲ. ಹಾಗೆಂದು ಎಲ್ಲ ಗಾಡಿಗೂ ಇದೇ ನ್ಯಾಯವಲ್ಲ. 1965ರ ಜೆಡ್16 ಶೆವೆಲ್‌ಗಳು ತಯಾರಾದದ್ದೇ ಸುಮಾರು ಇನ್ನೂರು. ಅಂಥದ್ದು ನಿಮ್ಮ ಬಳಿ ಇದ್ದರೆ ಒಂದು ಬೋಲ್ಟನ್ನೂ ಬದಲಿಸಬೇಡಿ; ಅದು ಚರಿತ್ರೆಯ ದಾಖಲೆ, ಓಡಿಸಲಾಗದಿದ್ದರೆ ಓಡಿಸಬಲ್ಲವರಿಗೆ ಒಪ್ಪಿಸಿ. ನನ್ನ ಮಾಲಿಬುವಿನಂಥ ಗಾಡಿಗಳು ಲಕ್ಷಗಟ್ಟಲೆ ತಯಾರಾದವು, ಸಂಸಾರಗಳು ಓಡಾಡಲೆಂದೇ ತಯಾರಾದವು. ಅವು ಓಡುತ್ತಿರುವುದೇ ಅವಕ್ಕೆ ಸಲ್ಲುವ ನಿಷ್ಠೆ.

ಹಳೆಯ ಗಾಡಿ ಇದ್ದು ಮಂಡಿ ನೋಯುತ್ತಿರುವವರಿಗೆ ನನ್ನ ಮಾತು ಇಷ್ಟೇ. ಗೇರ್ ಪೆಟ್ಟಿಗೆ ಬದಲಿಸಲು ಸಂಕೋಚಪಡಬೇಡಿ. ಕತ್ತರಿಸದೆ, ಬೆಸೆಯದೆ ಬದಲಿಸಿ. ಟಿವಿ ಕೇಬಲ್ ಹೊಂದಿಸಿ, ಎಣ್ಣೆಯ ಒತ್ತಡವನ್ನು ಗೇಜು ಹಾಕಿ ಅಳೆಯಿರಿ. ಕಳಚಿದ ಪೆಟ್ಟಿಗೆಯನ್ನು ಎಷ್ಟೇ ಬೆಲೆ ಬಂದರೂ ಮಾರಬೇಡಿ. ತೊಳೆದು, ಎಣ್ಣೆ ತುಂಬಿ, ತೇವ ತಗಲದಂತೆ ಸುತ್ತಿಡಿ. ಕ್ಲಚ್ಚು, ಫ್ಲೈವೀಲು, ಪೆಡಲು, ಸರಳು, ಬೋಲ್ಟುಗಳನ್ನು ಚೀಟಿ ಬರೆದು ಜೊತೆಗಿಡಿ. ಯಾವುದು ಎಲ್ಲಿಂದ ಬಂತು, ಏನು ಬದಲಾಯಿತು ಎಂದು ಒಂದು ಪುಸ್ತಕದಲ್ಲಿ ಬರೆದು ಗಾಡಿಯ ಕಾಗದಗಳ ಜೊತೆ ಸೇರಿಸಿ. ಮುಂದೆ ಆ ಗಾಡಿ ಗಟ್ಟಿ ಮಂಡಿಯ ಯುವಕನಿಗೋ ಯುವತಿಗೋ ಸೇರಿದಾಗ, ಎಡಗಾಲಿನ ವಿದ್ಯೆ ಕಲಿಯುವ ಆಸೆ ಅವರಿಗಿದ್ದರೆ, ಒಂದು ವಾರಾಂತ್ಯದ ಕೆಲಸದಲ್ಲಿ ಅವರು ಅದನ್ನು 1967ಕ್ಕೆ ಮರಳಿಸಬಹುದು. ಅಲ್ಲಿಯವರೆಗೆ ಗಾಡಿಯನ್ನು ಗ್ಯಾರೇಜಿನಲ್ಲಿ ನಿಲ್ಲಿಸಬೇಡಿ, ಓಡಿಸಿ.